ಕೊನೆಯ ಸುತ್ತಿನ ಪ್ರೆಸೆಂಟೇಷನ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕೆಲಸದ ಸಂದರ್ಶನದ ಕೊನೆಯ ಸುತ್ತಿನಲ್ಲಿ ಪ್ರೆಸೆಂಟೇಷನ್ ಕೇಳುವುದು ಈಗ ದೊಡ್ಡ ಹುದ್ದೆಗಳಿಗಷ್ಟೇ ಸೀಮಿತವಲ್ಲ. ಮಾರಾಟ, ಬೋಧನೆ, ವಿನ್ಯಾಸ, ಡೇಟಾ ವಿಶ್ಲೇಷಣೆ, ಆಡಳಿತ ಹೀಗೆ ಹಲವು ಕೆಲಸಗಳಿಗೆ ಕೇಳುತ್ತಾರೆ. ಈ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ. ಬರೆದವರ ಹೆಸರು, ಕಂಪನಿಗಳ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಎರಡು ಸುತ್ತು ಮುಗಿದಿದೆ. ಕೊನೆಯ ಸುತ್ತಿಗೆ "ನಮ್ಮ ಗ್ರಾಹಕ ಸೇವೆಯನ್ನು ಸುಧಾರಿಸುವುದು ಹೇಗೆ" ಎಂಬ ವಿಷಯದ ಮೇಲೆ 15 ನಿಮಿಷ ಮಾತಾಡಿ ಎಂದು ಒಂದೇ ಸಾಲಿನ ಮೇಲ್ ಬಂದಿದೆ. ಆರು ದಿನ ಸಮಯವಿದೆ. ಎಲ್ಲಿಂದ ಶುರು ಮಾಡಲಿ?

ಸ್ಲೈಡ್ ತೆರೆಯುವ ಮೊದಲು ಆ ಮೇಲ್‌ಗೆ ಮರು ಬರೆಯಿರಿ. ಪ್ರಶ್ನೆ ಕೇಳಿದರೆ ತಿಳಿಯದವರು ಅಂದುಕೊಂಡಾರು ಎಂದು ಹಲವರು ಸುಮ್ಮನಿರುತ್ತಾರೆ. ಆದರೆ ಕೆಲಸಕ್ಕೆ ಕೈ ಹಾಕುವ ಮುನ್ನ ಏನು ಬೇಕೆಂದು ಕೇಳಿ ತಿಳಿಯುವವರನ್ನೇ ಅವರು ಹುಡುಕುತ್ತಿರುವುದು. ಕೇಳಬೇಕಾದ್ದನ್ನೆಲ್ಲ ಒಂದೇ ಮೇಲ್‌ನಲ್ಲಿ ಕೇಳಿ. 15 ನಿಮಿಷದಲ್ಲಿ ಪ್ರಶ್ನೋತ್ತರವೂ ಸೇರಿದೆಯೇ? ಎದುರಿಗೆ ಯಾರು ಯಾರು ಇರುತ್ತಾರೆ, ಅವರ ಹುದ್ದೆ ಏನು? ಗ್ರಾಹಕ ಸೇವೆ ಎಂದರೆ ಫೋನ್ ವಿಭಾಗವೋ, ದೂರು ಬಂದಲ್ಲಿಂದ ಪರಿಹಾರದವರೆಗಿನ ಇಡೀ ವ್ಯವಸ್ಥೆಯೋ? ಅಂಕಿ-ಅಂಶ ನೀವೇ ಕೊಡುತ್ತೀರೋ, ಹೊರಗೆ ಸಿಗುವುದರಿಂದಲೇ ಮಾಡಬೇಕೋ? ನನ್ನ ಲ್ಯಾಪ್‌ಟಾಪ್ ಬಳಸಬಹುದೇ? ಫೈಲನ್ನು ಮೊದಲೇ ಕಳಿಸಬೇಕೇ?

ಇದರಲ್ಲಿ "ಯಾರು ಯಾರು ಇರುತ್ತಾರೆ" ಎಂಬುದಕ್ಕೆ ತೂಕ ಹೆಚ್ಚು. ಹಣಕಾಸಿನವರು ಖರ್ಚೆಷ್ಟು, ಅದು ಎಷ್ಟು ದಿನದಲ್ಲಿ ಹುಟ್ಟುತ್ತದೆ ಎಂದು ನೋಡುತ್ತಾರೆ. ತಂಡದ ಮುಖ್ಯಸ್ಥರಿಗೆ ಸೋಮವಾರ ಬೆಳಗ್ಗೆ ತಮ್ಮ ತಂಡ ಬೇರೆ ಏನು ಮಾಡಬೇಕು ಎಂಬ ಚಿಂತೆ. ಎಚ್‌ಆರ್‌ನವರು ನೀವು ಟೀಕೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಗಮನಿಸುತ್ತಾರೆ. ಮೂವರಿಗೂ ಒಂದೊಂದಾದರೂ ಉತ್ತರ ನಿಮ್ಮ ಮಾತಿನಲ್ಲಿ ಸಿಗಬೇಕು.

ಮಾಹಿತಿ ಸಂಗ್ರಹಕ್ಕೆ ಒಂದೂವರೆ ದಿನಕ್ಕಿಂತ ಹೆಚ್ಚು ಕೊಡಬೇಡಿ. ಕಂಪನಿಯ ವೆಬ್‌ಸೈಟ್ ಮತ್ತು ವಾರ್ಷಿಕ ವರದಿ ಓದಿ. ಹುದ್ದೆಯ ಜಾಹೀರಾತನ್ನು ಇನ್ನೊಮ್ಮೆ ಓದಿ, ಅದರಲ್ಲಿ ಮತ್ತೆ ಮತ್ತೆ ಬರುವ ಪದಗಳಿಗೆ ಗೆರೆ ಎಳೆಯಿರಿ. ಅವರ ಸಹಾಯವಾಣಿಗೆ ಸಾಮಾನ್ಯ ಗ್ರಾಹಕರಂತೆ ನೀವೇ ಫೋನ್ ಮಾಡಿ, ಎಷ್ಟು ಹೊತ್ತು ಕಾಯಬೇಕಾಯಿತು, ಒಂದೇ ವಿಷಯವನ್ನು ಎಷ್ಟು ಜನರಿಗೆ ಹೇಳಬೇಕಾಯಿತು ಎಂದು ಬರೆದಿಟ್ಟುಕೊಳ್ಳಿ. ಅವರ ಆ್ಯಪ್ ಇದ್ದರೆ, ಒಂದು ಮತ್ತು ಎರಡು ಸ್ಟಾರ್ ಕೊಟ್ಟ ಇತ್ತೀಚಿನ ನೂರು ವಿಮರ್ಶೆ ಓದಿ ಐದಾರು ತಲೆಬರಹಗಳಡಿ ಎಣಿಸಿ. ಎರಡು-ಮೂರು ಗಂಟೆಯ ಈ ಕೆಲಸವನ್ನು ಹೆಚ್ಚಿನ ಅಭ್ಯರ್ಥಿಗಳು ಮಾಡುವುದಿಲ್ಲ. ಆದರೆ ಅದರ ಮಿತಿಯನ್ನೂ ನೀವೇ ಹೇಳಿಬಿಡಿ. ವಿಮರ್ಶೆ ಬರೆಯುವವರು ತುಂಬ ಸಿಟ್ಟಾದವರು ಅಥವಾ ತುಂಬ ಖುಷಿಯಾದವರು, ನಡುವಿನವರ ದನಿ ಅಲ್ಲಿ ಇರುವುದಿಲ್ಲ. ಈ ಮಾತು ಅವರ ಬಾಯಿಂದ ಬಂದರೆ ನಿಮ್ಮ ಲೆಕ್ಕಕ್ಕೆ ಪೆಟ್ಟು ಬೀಳುತ್ತದೆ, ನಿಮ್ಮ ಬಾಯಿಂದಲೇ ಬಂದರೆ ನಂಬಿಕೆ ಹುಟ್ಟುತ್ತದೆ.

ಆಮೇಲೆ ಒಂದು ಹಾಳೆಯ ಮೇಲೆ ಒಂದೇ ವಾಕ್ಯ ಬರೆಯಿರಿ. 15 ನಿಮಿಷ ಮುಗಿದ ಮೇಲೆ ಅವರ ತಲೆಯಲ್ಲಿ ಉಳಿಯಬೇಕಾದ ವಾಕ್ಯ. "ಗ್ರಾಹಕ ಸೇವೆಯ ಗುಣಮಟ್ಟ ಹೆಚ್ಚಿಸಬೇಕು" ಎನ್ನುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು, ಅದನ್ನು ಯಾರೂ ಅಲ್ಲಗಳೆಯಲಾರರು, ಅದರಿಂದ ಯಾರಿಗೂ ಉಪಯೋಗವಿಲ್ಲ. "ಹೊಸ ಸಿಬ್ಬಂದಿ ಸೇರಿಸಿಕೊಳ್ಳುವ ಮೊದಲು, ಒಂದೇ ದೂರಿಗೆ ಗ್ರಾಹಕರು ಎರಡನೇ ಸಲ ಫೋನ್ ಮಾಡುವುದನ್ನು ತಪ್ಪಿಸಬೇಕು" ಎಂದರೆ ಅದು ನಿಲುವು. ಅದಕ್ಕೆ ಎದುರು ಮಾತಾಡಬಹುದು, ಹಾಗಾಗಿಯೇ ಅದನ್ನು ಸಮರ್ಥಿಸುವುದಕ್ಕೂ ಬೆಲೆ ಇದೆ. ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ನಿಮಗೆ ಕೆಲಸ ಬರುತ್ತದೆ ಎಂದು ಅವರು ಬಹುಪಾಲು ಒಪ್ಪಿರುತ್ತಾರೆ. ಅರ್ಧಂಬರ್ಧ ಮಾಹಿತಿ ಇಟ್ಟುಕೊಂಡು ನೀವು ಹೇಗೆ ಒಂದು ನಿರ್ಧಾರಕ್ಕೆ ಬರುತ್ತೀರಿ, ಅದನ್ನು ಹೇಗೆ ಕಾಪಾಡಿಕೊಳ್ಳುತ್ತೀರಿ, ತಪ್ಪು ಕಂಡರೆ ಹೇಗೆ ತಿದ್ದಿಕೊಳ್ಳುತ್ತೀರಿ ಎಂಬುದು ಅವರಿಗಿನ್ನೂ ಕಂಡಿಲ್ಲ.

15 ನಿಮಿಷ ಎಂದರೆ 13 ನಿಮಿಷಕ್ಕೆ ತಯಾರಿ ಮಾಡಿ. ಮೊದಲ ನಿಮಿಷದಲ್ಲೇ ನಿಮ್ಮ ವಾಕ್ಯ ಹೇಳಿಬಿಡಿ, ಕೊನೆಗೆ ಬಿಚ್ಚಿಡಲು ಗುಟ್ಟಾಗಿ ಉಳಿಸಿಕೊಳ್ಳಬೇಡಿ. ಮುಂದಿನ 3 ನಿಮಿಷ ತೊಂದರೆ ಏನು, ಅದಕ್ಕೆ ಸಾಕ್ಷಿ ಏನು. ನಂತರ 5 ನಿಮಿಷ ಏನು ಮಾಡಬೇಕು, ಯಾರು ಮಾಡಬೇಕು, ಯಾವ ಕ್ರಮದಲ್ಲಿ. ಆಮೇಲೆ 2 ನಿಮಿಷ ನೀವು ಯೋಚಿಸಿ ಕೈಬಿಟ್ಟ ಬೇರೆ ದಾರಿಗಳು, ಕೈಬಿಟ್ಟದ್ದು ಯಾಕೆ. ಈ ಭಾಗವನ್ನು ಬಿಡಬೇಡಿ, ನಿಮ್ಮ ಯೋಚನೆಯ ಆಳ ಕಾಣುವುದು ಇಲ್ಲೇ. ಉಳಿದ 2 ನಿಮಿಷ ಎಲ್ಲಿ ಎಡವಬಹುದು, ಸರಿಯಾಗುತ್ತಿದೆ ಎಂದು ಯಾವ ಅಳತೆಯಿಂದ ತಿಳಿಯುತ್ತದೆ.

ಆರು ದಿನದಲ್ಲಿ ಸ್ಲೈಡ್‌ಗೆ ಒಂದು ದಿನ ಸಾಕು, ಮೂರನೇ ದಿನ ಮುಗಿಸಿ. ನಾಲ್ಕು ಮತ್ತು ಐದನೇ ದಿನ ಬಾಯಿಬಿಟ್ಟು ಅಭ್ಯಾಸಕ್ಕೆ ಇರಲಿ. ಆರನೇ ದಿನ ಹೊಸದೇನನ್ನೂ ಸೇರಿಸಬೇಡಿ. ಹಿಂದಿನ ರಾತ್ರಿ ಸೇರಿಸಿದ ಸ್ಲೈಡೇ ಸಾಮಾನ್ಯವಾಗಿ ಕೈಕೊಡುವುದು, ಅದನ್ನು ಒಮ್ಮೆಯೂ ಬಾಯಲ್ಲಿ ಹೇಳಿ ನೋಡಿರುವುದಿಲ್ಲ.

ಪ್ರಶ್ನೆ: ಸ್ಲೈಡ್ ಎಷ್ಟಿರಬೇಕು? ಹತ್ತು ದಾಟಬಾರದು ಎನ್ನುವವರಿದ್ದಾರೆ, ನಿಮಿಷಕ್ಕೊಂದು ಎನ್ನುವವರಿದ್ದಾರೆ.

15 ನಿಮಿಷಕ್ಕೆ 6ರಿಂದ 8 ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ಸಂಖ್ಯೆಗಿಂತ ಒಂದೊಂದು ಸ್ಲೈಡೂ ಏನು ಹೇಳುತ್ತದೆ ಎಂಬುದು ದೊಡ್ಡದು. ಶೀರ್ಷಿಕೆಯ ಜಾಗದಲ್ಲಿ ವಿಷಯದ ಹೆಸರು ಬರೆಯದೆ ಪೂರ್ತಿ ವಾಕ್ಯ ಬರೆಯಿರಿ. "ದೂರುಗಳ ವಿಶ್ಲೇಷಣೆ" ಎಂದರೆ ನೋಡುವವರೇ ವಿಶ್ಲೇಷಣೆ ಮಾಡಿಕೊಳ್ಳಬೇಕಾಗುತ್ತದೆ. "ಹೆಚ್ಚಿನ ದೂರುಗಳು ಹಳೆಯ ದೂರಿನ ಮುಂದುವರಿಕೆ" ಎಂದು ಬರೆದರೆ ಕೆಳಗಿನ ಚಿತ್ರವನ್ನು ಯಾವ ಕಣ್ಣಿನಿಂದ ನೋಡಬೇಕೆಂದು ತಿಳಿಯುತ್ತದೆ. ಎಲ್ಲ ಸ್ಲೈಡ್ ಮುಗಿದ ಮೇಲೆ ಶೀರ್ಷಿಕೆಗಳನ್ನು ಮಾತ್ರ ಒಂದರ ಕೆಳಗೊಂದು ಓದಿ. ಅಷ್ಟರಲ್ಲೇ ಇಡೀ ವಾದ ಅರ್ಥವಾದರೆ ಜೋಡಣೆ ಸರಿಯಾಗಿದೆ. ಎಲ್ಲಾದರೂ ಕೊಂಡಿ ತಪ್ಪಿದರೆ ತಪ್ಪಿದ್ದು ಸ್ಲೈಡ್‌ನಲ್ಲಲ್ಲ, ನಿಮ್ಮ ತರ್ಕದಲ್ಲಿ.

ಪರದೆಯ ಮೇಲೆ ಉದ್ದದ ಸಾಲು ಹಾಕಿ ಅದನ್ನೇ ಓದುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ನೀವು ಹೇಳುವುದಕ್ಕಿಂತ ಬೇಗ ಅವರು ಓದಿ ಮುಗಿಸುತ್ತಾರೆ. ಓದುವಾಗ ನಿಮ್ಮ ಮಾತು ಕೇಳಿಸುವುದಿಲ್ಲ, ಓದಿ ಮುಗಿದ ಮೇಲೆ ನಿಮ್ಮ ಮಾತು ಬೇಡವಾಗುತ್ತದೆ. ಶೀರ್ಷಿಕೆ 28ರಿಂದ 32 ಪಾಯಿಂಟ್, ಒಳಗಿನ ಅಕ್ಷರ 20ರಿಂದ 24, ಏನೇ ಆದರೂ 18ಕ್ಕಿಂತ ಕೆಳಗೆ ಬೇಡ. ಅಕ್ಷರ ಕಿರಿದು ಮಾಡಿದರೆ ಮಾತ್ರ ಹಿಡಿಸುತ್ತದೆ ಎಂದಾದರೆ ವಿಷಯ ಕಡಿಮೆ ಮಾಡಿ. ಸ್ಲೈಡ್ ಶೋ ಹಾಕಿ ಲ್ಯಾಪ್‌ಟಾಪ್‌ನಿಂದ ಎರಡು ಮೀಟರ್ ಹಿಂದೆ ಸರಿದು ನಿಲ್ಲಿ. ಅಲ್ಲಿಂದ ಓದಲಾಗದ್ದು ಮೇಜಿನ ಆ ತುದಿಯಲ್ಲಿ ಕೂತವರಿಗೂ ಕಾಣುವುದಿಲ್ಲ.

ಗ್ರಾಫ್ ಒಂದಕ್ಕೆ ಒಂದೇ ಮಾತು. ಆ ಮಾತು ಹೇಳುವ ಕಂಬಕ್ಕೆ ಮಾತ್ರ ಗಾಢ ಬಣ್ಣ, ಉಳಿದವಕ್ಕೆ ಬೂದು. ಕಂಬದ ಗ್ರಾಫ್‌ನ ಅಳತೆಗೆರೆ ಸೊನ್ನೆಯಿಂದಲೇ ಶುರುವಾಗಲಿ. 80ರಿಂದ ಶುರು ಮಾಡಿದರೆ 84ಕ್ಕೂ 88ಕ್ಕೂ ಇರುವ ಸಣ್ಣ ವ್ಯತ್ಯಾಸ ಎರಡು ಪಟ್ಟಿನಂತೆ ಕಾಣುತ್ತದೆ, ಅಂಕಿ ಬಲ್ಲವರು ಅದನ್ನು ಮೊದಲ ನೋಟಕ್ಕೇ ಹಿಡಿಯುತ್ತಾರೆ. ಯಾವ ಬಣ್ಣ ಯಾವುದಕ್ಕೆ ಎಂದು ಪಕ್ಕದಲ್ಲಿ ಪಟ್ಟಿ ಕೊಡುವ ಬದಲು ಹೆಸರನ್ನು ಗೆರೆಯ ತುದಿಯಲ್ಲೇ ಬರೆಯಿರಿ. ಕೆಂಪು-ಹಸಿರಿನ ವ್ಯತ್ಯಾಸ ಕಾಣದವರು ಗಂಡಸರಲ್ಲಿ ಅಪರೂಪವೇನಲ್ಲ, ಆ ಎರಡರಿಂದಲೇ ಒಳ್ಳೆಯದು-ಕೆಟ್ಟದ್ದು ತೋರಿಸಬೇಡಿ. ದುಂಡು ಗ್ರಾಫ್‌ನಲ್ಲಿ ನಾಲ್ಕೈದು ತುಂಡಿಗಿಂತ ಹೆಚ್ಚಿದ್ದರೆ ಯಾವುದು ದೊಡ್ಡದೆಂದೇ ತಿಳಿಯದು, ಕಂಬದ ಗ್ರಾಫ್‌ಗೆ ಬದಲಿಸಿ. ಪ್ರತಿ ಅಂಕಿಯ ಕೆಳಗೆ ಅದು ಎಲ್ಲಿಂದ ಬಂತು, ಯಾವಾಗಿನದು ಎಂದು ಸಣ್ಣದಾಗಿ ಬರೆಯಿರಿ.

ಕೊನೆಯ ಸ್ಲೈಡ್‌ನಲ್ಲಿ "ಧನ್ಯವಾದಗಳು" ಬೇಡ. ಪ್ರಶ್ನೋತ್ತರ ನಡೆಯುವ ಅಷ್ಟೂ ಹೊತ್ತು ಪರದೆಯ ಮೇಲೆ ಉಳಿಯುವುದು ಅದೇ ಸ್ಲೈಡ್. ಅಲ್ಲಿ ನಿಮ್ಮ ಸಲಹೆ, ಅದರ ಮೂರು ಹೆಜ್ಜೆ, ಅಳತೆ ಇರಲಿ. ಧನ್ಯವಾದವನ್ನು ಬಾಯಲ್ಲಿ ಹೇಳಿ.

ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಸ್ಲೈಡ್ ಮಾಡಿಸಬಹುದೇ ಎಂದೂ ಇಬ್ಬರು ಕೇಳಿದ್ದಾರೆ. ವಿನ್ಯಾಸಕ್ಕೆ, ವಾಕ್ಯ ತಿದ್ದುವುದಕ್ಕೆ ಬಳಸಿ, ಕಂಪನಿ ಅದನ್ನು ನಿಷೇಧಿಸಿಲ್ಲ ಎಂದು ಖಚಿತಪಡಿಸಿಕೊಂಡು. ಆದರೆ ಅದು ಕೊಟ್ಟ ಅಂಕಿಯನ್ನು ಮೂಲದಲ್ಲಿ ನೀವೇ ನೋಡದೆ ಸೇರಿಸಬೇಡಿ. "ಈ ಅಂಕಿ ಎಲ್ಲಿಂದ ಬಂತು" ಎಂಬ ಒಂದು ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಉಳಿದ ಅಂಕಿಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಪ್ರಶ್ನೆ: "ನೀವು ಮಾಡಿದ ಒಂದು ಯೋಜನೆಯ ಬಗ್ಗೆ ಹೇಳಿ" ಎಂದಿದ್ದಾರೆ. ನನ್ನ ಒಳ್ಳೆಯ ಕೆಲಸವೆಲ್ಲ ಈಗಿನ ಕಂಪನಿಯ ಒಳಗಿನದು. ಅಂಕಿ ತೋರಿಸದಿದ್ದರೆ ನಂಬುತ್ತಾರೆಯೇ?

ಒಳಗಿನ ಅಂಕಿ, ಗ್ರಾಹಕರ ಹೆಸರು, ಪರದೆಯ ಚಿತ್ರ ಯಾವುದನ್ನೂ ತೋರಿಸಬೇಡಿ. ಒಪ್ಪಂದ ಮುರಿದಂತಾಗುವುದು ಒಂದು ಕಡೆ, ಇವತ್ತು ಅವರ ಗುಟ್ಟು ಇಲ್ಲಿ ಹೇಳಿದವರು ನಾಳೆ ನಮ್ಮದನ್ನು ಇನ್ನೆಲ್ಲೋ ಹೇಳುತ್ತಾರೆ ಎಂದು ಎದುರಿನವರಿಗೆ ಅನ್ನಿಸುವುದು ಇನ್ನೊಂದು ಕಡೆ. ಮಾರಾಟದ ನಿಜವಾದ ಮೊತ್ತದ ಬದಲು ಆರಂಭದ ತಿಂಗಳನ್ನು 100 ಎಂದಿಟ್ಟು ಆಮೇಲಿನ ತಿಂಗಳುಗಳನ್ನು ಅದಕ್ಕೆ ಹೋಲಿಸಿ. ಕಂಪನಿಯ ಹೆಸರಿನ ಜಾಗದಲ್ಲಿ "ಮಧ್ಯಮ ಗಾತ್ರದ ಚಿಲ್ಲರೆ ವ್ಯಾಪಾರ ಸಂಸ್ಥೆ" ಎನ್ನಿ. ಮೊದಲ ಸ್ಲೈಡ್‌ನಲ್ಲೇ "ಗೋಪ್ಯತೆಗಾಗಿ ಅಂಕಿಗಳನ್ನು ಅನುಪಾತಕ್ಕೆ ಇಳಿಸಿದೆ" ಎಂದು ಒಂದು ಸಾಲು ಹಾಕಿ. ಅನುಪಾತ ಹೇಳಿದರೂ ಗುಟ್ಟು ಬಯಲಾಗುತ್ತದೆ ಎನ್ನುವಂಥ ವಿಷಯವಾದರೆ ಬೇರೆ ಯೋಜನೆ ಆರಿಸಿಕೊಳ್ಳಿ.

ಇಂಥ ವಿಷಯದಲ್ಲಿ ಇನ್ನೊಂದು ತೊಡಕು "ನಾವು" ಎಂಬ ಪದ. ನಾವು ಮಾಡಿದೆವು, ನಾವು ನಿರ್ಧರಿಸಿದೆವು ಎಂದು 15 ನಿಮಿಷ ಹೇಳಿದರೆ ನಿಮ್ಮ ಪಾಲು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ತಂಡದ ಶ್ರಮಕ್ಕೆ ನಾವು ಎನ್ನಿ, ನಿಮ್ಮ ನಿರ್ಧಾರಕ್ಕೆ ನಾನು ಎನ್ನಿ.

ಪ್ರಶ್ನೆ: ಮೊದಲ 90 ದಿನಗಳಲ್ಲಿ ಏನು ಮಾಡುತ್ತೀರಿ ಎಂಬ ಯೋಜನೆ ಕೇಳಿದ್ದಾರೆ. ಒಳಗೆ ಕಾಲಿಡದೆ ಯೋಜನೆ ಬರೆಯುವುದು ಹೇಗೆ?

ಪೂರ್ತಿ ಸರಿಯಾದ ಯೋಜನೆಯನ್ನು ಅವರೂ ನಿರೀಕ್ಷಿಸುವುದಿಲ್ಲ. ಯಾವುದನ್ನು ಮೊದಲು ಹಿಡಿಯುತ್ತೀರಿ, ಯಾವುದನ್ನು ಮುಟ್ಟುವುದಿಲ್ಲ ಎಂದು ನೋಡುತ್ತಾರೆ. ಹಾಗಾಗಿ ನಿಮ್ಮ ಊಹೆಗಳನ್ನು ಮೊದಲೇ ಬರೆದು ತೋರಿಸಿ: "ತಂಡದಲ್ಲಿ ಆರು ಜನ ಇದ್ದಾರೆ, ತಿಂಗಳ ವರದಿ ಕೈಯಿಂದ ತಯಾರಾಗುತ್ತದೆ ಎಂದುಕೊಂಡಿದ್ದೇನೆ. ಇದು ತಪ್ಪಾದರೆ ಎರಡನೇ ತಿಂಗಳ ಕೆಲಸ ಬದಲಾಗುತ್ತದೆ." ಊಹೆ ತಪ್ಪಿದ್ದರೆ ಅವರೇ ತಿದ್ದುತ್ತಾರೆ, ಅಲ್ಲಿಗೆ ಸಂದರ್ಶನ ಸಮಾಲೋಚನೆಯಾಗಿ ಬದಲಾಗುತ್ತದೆ. ಅದು ನಿಮಗೆ ಅನುಕೂಲ.

ಮೊದಲ 30 ದಿನದಲ್ಲಿ ದೊಡ್ಡ ಬದಲಾವಣೆ ಬರೆದವರ ಯೋಜನೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಅವಧಿಯಲ್ಲಿ ಯಾರನ್ನು ಭೇಟಿ ಮಾಡುತ್ತೀರಿ, ಅವರಿಗೆ ಯಾವ ಮೂರು ಪ್ರಶ್ನೆ ಕೇಳುತ್ತೀರಿ, ಯಾವ ವರದಿ ಓದುತ್ತೀರಿ ಎಂದು ಬರೆಯಿರಿ. "ಪಾಲುದಾರರೊಂದಿಗೆ ಸಂಬಂಧ ಬೆಳೆಸುವುದು" ಎಂಬಂಥ ಸಾಲು ಯಾವ ಕಂಪನಿಗಾದರೂ ಹೊಂದುತ್ತದೆ, ಅದಕ್ಕೇ ಅದು ಬೇಡ. 60ನೇ ದಿನದೊಳಗೆ ಚಿಕ್ಕದಾದರೂ ಮುಗಿಯುವಂಥ ಒಂದು ಕೆಲಸ ಹಿಡಿಯಿರಿ. ಸೋತರೆ ಹಿಂದೆ ಸರಿಯಲು ಬರುವಂಥದ್ದಾಗಿರಲಿ. 90ನೇ ದಿನಕ್ಕೆ ಫಲಿತಾಂಶದ ಅಳತೆ, ಮುಂದಿನ ಆರು ತಿಂಗಳಿಗೆ ಒಂದು ಪ್ರಸ್ತಾವ. ಪ್ರತಿ ಹಂತಕ್ಕೂ "ಇಷ್ಟಾಗದಿದ್ದರೆ ನಾನು ನಿಲ್ಲಿಸಿ ನಿಮ್ಮ ಬಳಿ ಬರುತ್ತೇನೆ" ಎಂಬ ಗಡಿ ಒಂದಿರಲಿ.

ಈಗಿನ ತಂಡವನ್ನು ಟೀಕಿಸಬೇಡಿ. ನೀವು ಕೆಟ್ಟದ್ದು ಎನ್ನುವ ವ್ಯವಸ್ಥೆಯನ್ನು ಕಟ್ಟಿದವರು ಎದುರಿಗೇ ಕೂತಿರಬಹುದು. ಅದನ್ನು ಹಾಗೆ ಕಟ್ಟಲು ಆಗ ಕಾರಣವಿದ್ದಿರಬಹುದು ಎಂದು ಒಪ್ಪಿಕೊಂಡು ಮುಂದೆ ಹೋಗಿ.

ಪ್ರಶ್ನೆ: ಪ್ರೆಸೆಂಟೇಷನ್ ನನಗೆ ಅಷ್ಟು ರೂಢಿಯಿಲ್ಲದ ಭಾಷೆಯಲ್ಲಿ ಕೊಡಬೇಕು. ಪೂರ್ತಿ ಬರೆದು ಬಾಯಿಪಾಠ ಮಾಡಿಕೊಳ್ಳಲೇ?

ಪೂರ್ತಿ ಬಾಯಿಪಾಠ ಮಾಡಿದರೆ ಒಂದು ಪದ ಮರೆತಾಗ ಮುಂದಿನದೆಲ್ಲ ಜಾರಿಹೋಗುತ್ತದೆ. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಮತ್ತೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯುವುದಿಲ್ಲ. ಮೊದಲ ಮೂರು ವಾಕ್ಯ, ಕೊನೆಯ ಎರಡು ವಾಕ್ಯ, ಒಂದು ಸ್ಲೈಡ್‌ನಿಂದ ಇನ್ನೊಂದಕ್ಕೆ ಹೋಗುವ ಕೊಂಡಿಯ ವಾಕ್ಯ, ಇಷ್ಟನ್ನು ಮಾತ್ರ ಅಕ್ಷರಶಃ ಕಲಿತುಕೊಳ್ಳಿ. ನಡುವಿನದಕ್ಕೆ ಸ್ಲೈಡ್‌ಗೆ ಮೂರು ಪದದಂತೆ ಗುರುತು ಸಾಕು.

ವಾಕ್ಯ ಚಿಕ್ಕದಿರಲಿ. ನಾಲಿಗೆ ತೊಡರುವ ಪದವನ್ನು ಅಭ್ಯಾಸದಲ್ಲೇ ಗುರುತಿಸಿ, ಸುಲಭದ ಪದಕ್ಕೆ ಬದಲಿಸಿ. ಅಂಕಿಗಳನ್ನು ಬೇರೆಯಾಗಿ ಜೋರಾಗಿ ಹೇಳಿ ರೂಢಿ ಮಾಡಿ. ಪರಭಾಷೆಯಲ್ಲಿ ಗಡಿಬಿಡಿಯಾದಾಗ ಹೆಚ್ಚಿನವರು ಎಡವುವುದು ದೊಡ್ಡ ಸಂಖ್ಯೆ, ದಶಮಾಂಶ, ಶೇಕಡಾ ಹೇಳುವಾಗ. ಉಚ್ಚಾರಣೆ ಸ್ವಲ್ಪ ಬೇರೆಯಿದ್ದರೆ ಯಾರಿಗೂ ತೊಂದರೆಯಿಲ್ಲ, ವೇಗ ಹೆಚ್ಚಾದರೆ ತೊಂದರೆ. ಪ್ರತಿ ಸ್ಲೈಡ್ ಬದಲಿಸಿದ ಮೇಲೆ ಒಂದು ಉಸಿರು ನಿಲ್ಲಿ, ಅವರು ಶೀರ್ಷಿಕೆ ಓದಿಕೊಳ್ಳಲಿ.

ಅಭ್ಯಾಸವನ್ನು ಮನಸ್ಸಿನಲ್ಲಿ ಮಾಡಿದರೆ ಲೆಕ್ಕಕ್ಕಿಲ್ಲ, ಯಾಕೆಂದರೆ ಮನಸ್ಸಿನಲ್ಲಿ ಎಲ್ಲರೂ ಬೇಗ ಮುಗಿಸುತ್ತಾರೆ. ಎದ್ದು ನಿಂತು, ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ಐದಾರು ಸಲ ಹೇಳಿ. ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಚಿತ್ರ ನೋಡದೆ ದನಿ ಮಾತ್ರ ಕೇಳಿ. ಎಲ್ಲಿ ಗೊಣಗುತ್ತೀರಿ, ಎಲ್ಲಿ ಓಡುತ್ತೀರಿ ಎಂದು ತಿಳಿಯುತ್ತದೆ. ಒಮ್ಮೆ ನಿಮ್ಮ ಕ್ಷೇತ್ರದ ಗಂಧವಿಲ್ಲದ ಒಬ್ಬರೆದುರು ಹೇಳಿ, ಮುಗಿದ ಮೇಲೆ "ನಾನು ಏನು ಮಾಡಬೇಕು ಎಂದೆ?" ಎಂದು ಕೇಳಿ. ಅವರು ನಿಮ್ಮ ವಾಕ್ಯಕ್ಕೆ ಹತ್ತಿರದ್ದು ಹೇಳದಿದ್ದರೆ ಮೊದಲ ನಿಮಿಷವನ್ನು ತಿದ್ದಿ. ಒಮ್ಮೆ ಸ್ಲೈಡ್ ಇಲ್ಲದೆಯೂ ಹೇಳಿ ನೋಡಿ.

ಪವರ್‌ಪಾಯಿಂಟ್‌ನಲ್ಲಿ ಅಭ್ಯಾಸದ ಸಮಯ ಅಳೆಯುವ "ರಿಹರ್ಸ್ ಟೈಮಿಂಗ್ಸ್" ಬಳಸುವವರು ಎಚ್ಚರ. ಮುಗಿದಾಗ ಸಮಯವನ್ನು ಉಳಿಸಲೇ ಎಂದು ಕೇಳುತ್ತದೆ. ಹೌದು ಎಂದರೆ ಸಂದರ್ಶನದ ದಿನ ಸ್ಲೈಡ್‌ಗಳು ತಾವಾಗಿಯೇ ಮುಂದೆ ಓಡುತ್ತವೆ. ಉಳಿಸಿಬಿಟ್ಟಿದ್ದರೆ "ಸ್ಲೈಡ್ ಶೋ" ವಿಭಾಗದಲ್ಲಿ "ಯೂಸ್ ಟೈಮಿಂಗ್ಸ್" ಎಂಬುದರ ಗುರುತು ತೆಗೆಯಿರಿ.

ಪ್ರಶ್ನೆ: ಕೈ ನಡುಗುತ್ತದೆ, ಬಾಯಿ ಒಣಗುತ್ತದೆ. ಏನು ಮಾಡಲಿ?

ಲೇಸರ್ ಪಾಯಿಂಟರ್ ಹಿಡಿಯಬೇಡಿ, ಸಣ್ಣ ನಡುಕವೂ ಪರದೆಯ ಮೇಲೆ ದೊಡ್ಡದಾಗಿ ಕುಣಿಯುತ್ತದೆ. ಕೈಯಲ್ಲಿ ಹಾಳೆಯ ಬದಲು ದಪ್ಪ ಕಾರ್ಡ್ ಇರಲಿ, ಅದು ಅಲುಗಿದರೂ ಸದ್ದಾಗದು. ನೀರು ಕೈಗೆಟಕುವಲ್ಲಿಟ್ಟುಕೊಂಡು ಎರಡನೇ ಸ್ಲೈಡ್ ಮುಗಿದ ಮೇಲೆ ಒಂದು ಗುಟುಕು ಕುಡಿಯುವುದನ್ನು ಅಭ್ಯಾಸದಲ್ಲೇ ಸೇರಿಸಿಕೊಳ್ಳಿ. ಒಳಗೆ ಕರೆಯುವ ಮುನ್ನ ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ, ನಾಲ್ಕೈದು ಸಲ. ನಡುಕ ಸಾಮಾನ್ಯವಾಗಿ ಮೊದಲ ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ, ಮೊದಲ ವಾಕ್ಯಗಳನ್ನು ಗಟ್ಟಿ ಮಾಡಿಕೊಳ್ಳಿ ಎಂದದ್ದು ಇದಕ್ಕೂ ಹೌದು.

ಪ್ರಶ್ನೆ: ಯಂತ್ರ ಕೈಕೊಟ್ಟರೆ? ನನ್ನ ಸಂದರ್ಶನ ಆನ್‌ಲೈನ್, ಗೆಳತಿಯದು ಅವರ ಕಚೇರಿಯಲ್ಲಿ. ಇಬ್ಬರಿಗೂ ಹೇಳಿ.

ಕಚೇರಿಗೆ ಹೋಗುವವರು ಫೈಲನ್ನು ಮೂರು ಕಡೆ ಇಟ್ಟುಕೊಳ್ಳಲಿ: ಲ್ಯಾಪ್‌ಟಾಪ್, ಪೆನ್‌ಡ್ರೈವ್, ಮೇಲ್. ಮೂರರಲ್ಲೂ ಪಿಡಿಎಫ್ ಪ್ರತಿಯೂ ಇರಲಿ. ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಕೂತು ಸಾಲುಗಳು ಚೌಕಟ್ಟು ದಾಟುತ್ತವೆ, ಪಿಡಿಎಫ್‌ನಲ್ಲಿ ಹಾಗಾಗುವುದಿಲ್ಲ. ವಿಂಡೋಸ್‌ನ ಪವರ್‌ಪಾಯಿಂಟ್‌ನಲ್ಲಿ ಫೈಲ್, ಆಪ್ಷನ್ಸ್, ಸೇವ್ ಎಂಬಲ್ಲಿ ಹೋಗಿ ಫಾಂಟನ್ನು ಫೈಲ್‌ನೊಳಗೇ ಸೇರಿಸುವ ಆಯ್ಕೆಯೂ ಇದೆ. ಕನ್ನಡ ಅಕ್ಷರವಿದ್ದರೆ ಯೂನಿಕೋಡ್ ಫಾಂಟನ್ನೇ ಬಳಸಿ, ಹಳೆಯ ಬಗೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಅಕ್ಷರವಾಗುತ್ತದೆ. ಸ್ಲೈಡ್‌ನ ಆಕಾರ 16:9 ಇಟ್ಟುಕೊಳ್ಳಿ, ಅವರ ಪ್ರೊಜೆಕ್ಟರ್ ಹಳೆಯದು ಎಂದು ತಿಳಿದರೆ 4:3. ಎಚ್‌ಡಿಎಂಐ ಕೇಬಲ್‌ಗೆ ಹೊಂದುವ ಅಡಾಪ್ಟರ್ ನಿಮ್ಮ ಚೀಲದಲ್ಲೇ ಇರಲಿ, ಚಾರ್ಜರ್ ಕೂಡ. ಪರದೆ ಖಾಲಿ ಕಂಡರೆ ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿ, ಬಹುತೇಕ ಸಲ ಪರದೆ ಹಂಚುವ ಆಯ್ಕೆ ತಪ್ಪಿರುತ್ತದೆ.

ಆನ್‌ಲೈನ್‌ನಲ್ಲಿ ತಪ್ಪುವುದು ಬೇರೆಯದೇ. ಇಡೀ ಪರದೆ ಹಂಚಿದರೆ ನಿಮ್ಮ ಟಿಪ್ಪಣಿ, ಮೇಲ್, ಬರುವ ಸಂದೇಶ ಎಲ್ಲ ಕಾಣುತ್ತದೆ. ಸ್ಲೈಡ್‌ನ ಕಿಟಕಿಯನ್ನು ಮಾತ್ರ ಹಂಚಿ. ಪವರ್‌ಪಾಯಿಂಟ್‌ನ "ಸೆಟಪ್ ಸ್ಲೈಡ್ ಶೋ" ಒಳಗೆ ಸ್ಲೈಡ್ ಶೋವನ್ನು ಕಿಟಕಿಯಲ್ಲಿ ತೋರಿಸುವ ಆಯ್ಕೆ ಇದೆ, ಒಂದೇ ಪರದೆ ಇರುವವರಿಗೆ ಅದು ಬಹಳ ಅನುಕೂಲ. ಸೂಚನೆಗಳ ಸದ್ದು ನಿಲ್ಲಿಸಿ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಲಿ, ಬೆಳಕು ಮುಖದ ಮುಂದಿನಿಂದ ಬೀಳಲಿ, ಸಾಧ್ಯವಾದರೆ ಇಂಟರ್‌ನೆಟ್‌ಗೆ ಕೇಬಲ್ ಹಾಕಿ. ಫೋನಿನ ಹಾಟ್‌ಸ್ಪಾಟ್ ಮೊದಲೇ ಪರೀಕ್ಷಿಸಿಟ್ಟಿರಿ. ಆರಂಭಕ್ಕೆ ಅರ್ಧ ಗಂಟೆ ಮೊದಲು ಪಿಡಿಎಫ್ ಪ್ರತಿಯನ್ನು ಎಚ್‌ಆರ್‌ಗೆ ಮೇಲ್ ಮಾಡಿದರೆ, ನಿಮ್ಮ ಪರದೆ ಹೋದರೂ ಅವರು ಅಲ್ಲೇ ತೆರೆದುಕೊಳ್ಳುತ್ತಾರೆ, ನೀವು "ನಾಲ್ಕನೇ ಪುಟ ನೋಡಿ" ಎಂದು ಮಾತು ಮುಂದುವರಿಸಬಹುದು.

ಏನೇ ಕೆಟ್ಟರೂ ಸರಿಪಡಿಸುವುದಕ್ಕೆ ಎರಡು ನಿಮಿಷ ಮಿತಿ. ಆಮೇಲೆ ಸ್ಲೈಡ್ ಇಲ್ಲದೆ ಶುರು ಮಾಡಿ. ಪದೇ ಪದೇ ಕ್ಷಮೆ ಕೇಳುತ್ತ ಹತ್ತು ನಿಮಿಷ ಕೇಬಲ್ ಹುಡುಕುವುದಕ್ಕಿಂತ, ಒಮ್ಮೆ ಕ್ಷಮೆ ಕೇಳಿ ಬೋರ್ಡ್ ಮೇಲೆ ನಾಲ್ಕು ಗೆರೆ ಎಳೆದು ವಿವರಿಸಿದವರ ಬಗ್ಗೆ ಒಳ್ಳೆಯ ಅಭಿಪ್ರಾಯ ಉಳಿಯುತ್ತದೆ.

ಪ್ರಶ್ನೆ: ನನಗೆ ಭಯ ಇರುವುದು ಪ್ರಶ್ನೆಗಳ ಬಗ್ಗೆ. ಉತ್ತರ ಗೊತ್ತಿಲ್ಲದಿದ್ದರೆ ಏನು ಹೇಳಲಿ? ನಡುವೆಯೇ ತಡೆದರೆ?

ನಿಮ್ಮ ಭಯ ಸರಿಯಾದ ಜಾಗದಲ್ಲೇ ಇದೆ. ಮಾತಿನ ಭಾಗವನ್ನು ಯಾರೂ ತಯಾರಿ ಮಾಡಿಕೊಂಡು ಬರಬಹುದು. ನಿರ್ಧಾರ ಆಗುವುದು ಬಹುಮಟ್ಟಿಗೆ ಪ್ರಶ್ನೋತ್ತರದಲ್ಲಿ. ಆದರೆ ಅದಕ್ಕೂ ತಯಾರಿ ಸಾಧ್ಯ, ಸ್ಲೈಡ್‌ಗೆ ಕೊಟ್ಟಷ್ಟೇ ಸಮಯವನ್ನು ಇದಕ್ಕೂ ಕೊಡಬೇಕು.

ಇಪ್ಪತ್ತು ಪ್ರಶ್ನೆ ಬರೆಯಿರಿ. ಪ್ರತಿ ಸ್ಲೈಡ್ ಎದುರಿಗಿಟ್ಟುಕೊಂಡು ಇದನ್ನು ನಂಬದವರು ಏನು ಕೇಳುತ್ತಾರೆ ಎಂದು ಯೋಚಿಸಿ. ಕೆಲವು ಪ್ರಶ್ನೆಗಳು ಯಾವ ವಿಷಯಕ್ಕಾದರೂ ಬರುತ್ತವೆ. ಹಣ ಅರ್ಧವೇ ಸಿಕ್ಕರೆ ಯಾವುದನ್ನು ಬಿಡುತ್ತೀರಿ? ನಿಮ್ಮ ವಾದದಲ್ಲಿ ಅತಿ ದುರ್ಬಲ ಊಹೆ ಯಾವುದು? ತಪ್ಪುದಾರಿಯಲ್ಲಿದ್ದೀರಿ ಎಂದು ಎಷ್ಟು ದಿನದಲ್ಲಿ, ಯಾವುದರಿಂದ ತಿಳಿಯುತ್ತದೆ? ಇದನ್ನು ಹಿಂದೆಯೇ ಮಾಡಿ ಸೋತಿದ್ದೇವೆ, ಈಗೇನು ಬೇರೆ? ತಂಡದವರು ಒಪ್ಪದಿದ್ದರೆ? ಇವುಗಳಲ್ಲಿ "ಅತಿ ದುರ್ಬಲ ಊಹೆ" ಪ್ರಶ್ನೆಗೆ ನಿಜವಾದ ಉತ್ತರ ಇಟ್ಟುಕೊಳ್ಳಿ. ದುರ್ಬಲವಾದದ್ದು ಯಾವುದೂ ಇಲ್ಲ ಎನ್ನುವವರನ್ನು ಯಾರೂ ನಂಬುವುದಿಲ್ಲ. ಅಂಕಿ ಬೇಕಾದ ಉತ್ತರಗಳಿಗೆ ನಾಲ್ಕೈದು ಹೆಚ್ಚುವರಿ ಸ್ಲೈಡ್ ಮಾಡಿ ಕೊನೆಯ ಸ್ಲೈಡ್‌ನ ಆಚೆಗೆ ಇಡಿ, ಕೇಳಿದರೆ ಮಾತ್ರ ತೋರಿಸಿ. ಸ್ಲೈಡ್ ಶೋ ನಡೆಯುವಾಗ ಸ್ಲೈಡ್‌ನ ಸಂಖ್ಯೆ ಒತ್ತಿ ಎಂಟರ್ ಒತ್ತಿದರೆ ನೇರ ಅಲ್ಲಿಗೆ ಹೋಗುತ್ತದೆ. ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಉತ್ತರಿಸುವಾಗ ಪ್ರಶ್ನೆ ಮುಗಿಯುವವರೆಗೆ ಕಾಯಿರಿ, ಎರಡು ಕ್ಷಣ ಸುಮ್ಮನಿರಿ. ಮೊದಲ ವಾಕ್ಯದಲ್ಲೇ ಉತ್ತರ ಕೊಡಿ, ಕಾರಣ ಆಮೇಲೆ ಬರಲಿ. ಒಂದರಿಂದ ಒಂದೂವರೆ ನಿಮಿಷದಲ್ಲಿ ನಿಲ್ಲಿಸಿ. ಹೆಚ್ಚು ಬೇಕಿದ್ದರೆ ಅವರೇ ಕೇಳುತ್ತಾರೆ. ಪ್ರಶ್ನೆ ಅರ್ಥವಾಗದಿದ್ದರೆ "ನೀವು ಕೇಳುತ್ತಿರುವುದು ಖರ್ಚಿನ ಬಗ್ಗೆಯೋ ಸಮಯದ ಬಗ್ಗೆಯೋ?" ಎಂದು ಕೇಳಿ, ಊಹಿಸಿ ಉತ್ತರಿಸಬೇಡಿ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. "ಆ ಅಂಕಿ ನನ್ನ ಬಳಿ ಇಲ್ಲ. ನನಗೆ ಗೊತ್ತಿರುವುದು ಇಷ್ಟು. ಉಳಿದದ್ದನ್ನು ನಿಮ್ಮ ಬಿಲ್ಲಿಂಗ್ ದಾಖಲೆಯಿಂದ ತೆಗೆಯಬಹುದು ಎಂದುಕೊಂಡಿದ್ದೇನೆ, ಅದು ನನ್ನ ಊಹೆಗಿಂತ ಕಡಿಮೆಯಿದ್ದರೆ ಎರಡನೇ ಹೆಜ್ಜೆಯನ್ನು ಕೈಬಿಡುತ್ತೇನೆ." ಹೀಗೆ ಹೇಳಿದರೆ ಗೊತ್ತಿಲ್ಲದಿರುವಾಗ ನೀವು ಹೇಗೆ ಕೆಲಸ ಮಾಡುತ್ತೀರಿ ಎಂದು ತೋರಿಸಿದಂತೆ.

ನಡುವೆ ತಡೆದರೆ ಒಳ್ಳೆಯ ಲಕ್ಷಣವೆಂದೇ ತಿಳಿಯಿರಿ, ಕೇಳಿಸಿಕೊಳ್ಳುತ್ತಿದ್ದಾರೆ ಎಂದರ್ಥ. ಚಿಕ್ಕ ಪ್ರಶ್ನೆಯಾದರೆ ಅಲ್ಲೇ ಉತ್ತರಿಸಿ. ಮುಂದಿನ ಸ್ಲೈಡ್‌ನಲ್ಲಿ ಬರುವುದಾದರೂ ಒಂದು ವಾಕ್ಯದ ಉತ್ತರ ಕೊಟ್ಟು "ವಿವರ ಇನ್ನೆರಡು ನಿಮಿಷದಲ್ಲಿ ಬರುತ್ತದೆ" ಎನ್ನಿ, "ಆಮೇಲೆ ಹೇಳುತ್ತೇನೆ" ಎಂದಷ್ಟೇ ಹೇಳಬೇಡಿ. ಕೇಳಿದವರನ್ನಷ್ಟೇ ನೋಡುತ್ತ ಉತ್ತರಿಸುವುದು ಇನ್ನೊಂದು ಅಭ್ಯಾಸದೋಷ, ಅವರಿಂದ ಶುರು ಮಾಡಿ ಉಳಿದವರತ್ತಲೂ ಕಣ್ಣು ಹಾಯಿಸಿ. ಒಬ್ಬರು ತೀರ ಪಟ್ಟು ಹಿಡಿದು ಕೆದಕುತ್ತಿದ್ದರೆ ಒತ್ತಡದಲ್ಲಿ ನೀವು ಹೇಗಿರುತ್ತೀರಿ ಎಂದು ನೋಡುತ್ತಿರಬಹುದು. ಅವರ ಮಾತಿನಲ್ಲಿ ಸರಿಯಾದದ್ದನ್ನು ಒಪ್ಪಿ, ಹೊಸ ಮಾಹಿತಿ ಇಲ್ಲದೆ ನಿಲುವು ಬದಲಿಸಬೇಡಿ. ಹೊಸ ಮಾಹಿತಿ ಕೊಟ್ಟರೆ ಬದಲಿಸಲು ಹಿಂಜರಿಯಬೇಡಿ.

ಪ್ರಶ್ನೆ: 20 ನಿಮಿಷ ಎಂದು ಕರೆದು, ಅಲ್ಲಿ ಹೋದ ಮೇಲೆ "ಹತ್ತೇ ನಿಮಿಷದಲ್ಲಿ ಮುಗಿಸಿ" ಎಂದರೆ?

ಹಾಗಾಗುವುದು ಅಪರೂಪವಲ್ಲ, ಹಿಂದಿನ ಸಂದರ್ಶನ ತಡವಾಗಿರುತ್ತದೆ. ಎರಡು ಪಟ್ಟು ವೇಗದಲ್ಲಿ ಎಲ್ಲವನ್ನೂ ಹೇಳಲು ಹೋಗಬೇಡಿ. ಯಾವ ನಾಲ್ಕು ಸ್ಲೈಡ್ ಮಾತ್ರ ತೋರಿಸುತ್ತೀರಿ ಎಂದು ಮನೆಯಲ್ಲೇ ಗುರುತು ಹಾಕಿ, ಅಷ್ಟನ್ನೇ ಒಮ್ಮೆ ಅಭ್ಯಾಸ ಮಾಡಿರಿ: ನಿಮ್ಮ ಒಂದು ವಾಕ್ಯ, ಬಲವಾದ ಒಂದು ಸಾಕ್ಷಿ, ಮಾಡಬೇಕಾದ ಹೆಜ್ಜೆಗಳು, ಅಪಾಯ ಮತ್ತು ಅಳತೆ. "ಮುಖ್ಯವಾದ ನಾಲ್ಕನ್ನು ತೋರಿಸುತ್ತೇನೆ, ಉಳಿದದ್ದು ನಿಮಗೆ ಕೊಡುವ ಪ್ರತಿಯಲ್ಲಿದೆ" ಎಂದು ಹೇಳಿ ಶುರು ಮಾಡಿ.

ಪ್ರಶ್ನೆ: ಅವರ ನಿಜವಾದ ಸಮಸ್ಯೆಗೇ ಪೂರ್ತಿ ಪರಿಹಾರ ಕೇಳುತ್ತಿದ್ದಾರೆ. ಕೆಲಸ ಕೊಡದೆ ನನ್ನ ಯೋಚನೆ ಮಾತ್ರ ಬಳಸಿಕೊಂಡರೆ?

ಯೋಚನೆಯ ದಾರಿಯನ್ನು ತೋರಿಸಿ, ಬಳಕೆಗೆ ಸಿದ್ಧವಾದ ವಸ್ತುವನ್ನು ಕೊಡಬೇಡಿ. ಸಾಲು ಸಾಲಾಗಿ ಬರೆದ ಪೂರ್ತಿ ಪ್ರಚಾರ ಯೋಜನೆ, ಓಡುವ ಕೋಡ್, ಅಚ್ಚಿಗೆ ಹೋಗಬಲ್ಲ ವಿನ್ಯಾಸ ಇವು ಸಂದರ್ಶನದ ವ್ಯಾಪ್ತಿಗೆ ಮೀರಿದವು. ಏಳೆಂಟು ಗಂಟೆಯಲ್ಲಿ ಮುಗಿಯುವ ತಯಾರಿ ಸಹಜ. ಅದಕ್ಕಿಂತ ಬಹಳ ಹೆಚ್ಚು ಬೇಕೆಂದರೆ ವ್ಯಾಪ್ತಿ ಕಡಿಮೆ ಮಾಡಬಹುದೇ, ಇಲ್ಲವೇ ಸಂಭಾವನೆ ಇದೆಯೇ ಎಂದು ವಿನಯದಿಂದ ಕೇಳಿ. ಅದಕ್ಕೆ ಅವರು ಕೊಡುವ ಉತ್ತರದಿಂದ ಆ ಕಂಪನಿಯ ಬಗ್ಗೆ ನಿಮಗೂ ಸಾಕಷ್ಟು ತಿಳಿಯುತ್ತದೆ.

ಪ್ರಶ್ನೆ: ಮುಗಿದ ಮೇಲೆ ಸ್ಲೈಡ್ ಕೊಟ್ಟು ಬರಬೇಕೇ?

ಕೇಳಿದರೆ ಪಿಡಿಎಫ್ ಕೊಡಿ, ತಿದ್ದಬಹುದಾದ ಫೈಲ್ ಬೇಡ. ಬಳಸದ ಹೆಚ್ಚುವರಿ ಸ್ಲೈಡ್ ಮತ್ತು ಟಿಪ್ಪಣಿಗಳನ್ನು ಮೊದಲೇ ತೆಗೆದಿರಿ. 24 ಗಂಟೆಯೊಳಗೆ ಒಂದು ಚಿಕ್ಕ ಮೇಲ್ ಬರೆಯಿರಿ, ಅಲ್ಲಿ ಉತ್ತರಿಸಲಾಗದ ಒಂದು ಪ್ರಶ್ನೆಗೆ ಈಗ ಉತ್ತರ ಸಿಕ್ಕಿದ್ದರೆ ಮೂರು ಸಾಲಿನಲ್ಲಿ ಸೇರಿಸಿ.